ಹೂ ಮುಡಿದ ಉಪವಾಸ

ಒಗ್ಗರಣೆಯ ವಾಸನೆಗೆ ಹಸಿವಾಗುವುದು ಎಲ್ಲರಿಗೂ ಇದ್ದದ್ದೇ. ನನಗೆ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ವಾಸನೆಗೆ ಹಸಿವಾಗುತ್ತದೆ. ನಗಬೇಡಿ, ಖರೇ ಹೇಳುತ್ತಿದ್ದೇನೆ. ಮೊನ್ನೆ ಹಾವೇರಿಯಿಂದ ಬ್ಯಾಡಗಿಗೆ ಬರುವ ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗಿಯೊಬ್ಬಳು ತಲೆತುಂಬ ಎಣ್ಣೆ ಹಚ್ಚಿಸಿಕೊಂಡು, ಎರಡು ಹೆರಳು ಹಾಕಿಕೊಂಡು ಕೂತಿದ್ದಳು. ಕಿಟಕಿಯ ಗಾಳಿಗೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮೋಟೆಬೆನ್ನೂರು ಬರುವುದರೊಳಗೆ ನನ್ನ ಹೊಟ್ಟೆ ಗುರ್ರ್ ಎಂದಿತು. ಗಡದ್ದಾಗಿ ಉಂಡೇ ಬಸ್ಸು ಹತ್ತಿದವಳು ನಾನು. ಪಕ್ಕದ ಹೆಂಗಸು ನನ್ನತ್ತ ತಿರುಗಿ, "ಉಂಡಿಲ್ಲೇನ್ರೀ ಬಾಯಾರ?" ಎನ್ನುತ್ತ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ಕೊಟ್ಟಳು. ನಾನೂ ನಾಚಿಕೆ ಬಿಟ್ಟು ತಿಂದೆ.

ಈ ರೋಗ ನನಗೆ ಹತ್ತಿಸಿದವರು ನಮ್ಮ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಶಾಂತವ್ವ. ನಾನು ಹಾವೇರಿಯವಳು. ಮದುವೆಯಾಗಿ ಬ್ಯಾಡಗಿಗೆ ಬಂದೆ. ಎರಡೂ ಮನೆಗಳವರು ಮುತ್ತಜ್ಜನ ಕಾಲದಿಂದ ಕ್ರೈಸ್ತರೇ. ಆದರೆ ಹೆಸರು ಕೇಳುವವರೆಗೆ, ಇಲ್ಲವೇ ಭಾನುವಾರ ನಾವು ಎತ್ತ ಹೊರಟೆವು ಎಂದು ನೋಡುವವರೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದೇ ಜೋಳದ ರೊಟ್ಟಿ, ಅದೇ ಕೆಂಪು ಮೆಣಸಿನಕಾಯಿಯ ರಂಜಕ, ಅದೇ ಓಣಿಯ ಜಗಳ.

ಉಪವಾಸ ಎಂದರೆ ನಮ್ಮ ತವರಿನಲ್ಲಿ ಮೋಡ ಕವಿದ ಹಾಗೆ. ನಮ್ಮಪ್ಪ ಉಪವಾಸ ಹಿಡಿದ ದಿನ ಬೆಕ್ಕು ಸುದ್ದಾ ಅವರ ಕಾಲ ಬಳಿ ಸುಳಿಯುತ್ತಿರಲಿಲ್ಲ. ಗಡ್ಡ ಬಿಟ್ಟು, ಹುಬ್ಬು ಗಂಟಿಕ್ಕಿ, ಕುರ್ಚಿಯಲ್ಲಿ ಕೂತು, ಯಾರು ಏನು ಕೇಳಿದರೂ "ಹೂಂ" ಎನ್ನುವರು. ನಾವು ಮಕ್ಕಳು ಹಸಿವಿಗಿಂತ ಹೆಚ್ಚಾಗಿ ಆ "ಹೂಂ"ಗೆ ಹೆದರುತ್ತಿದ್ದೆವು. ಶುಭ ಶುಕ್ರವಾರದ ಮಧ್ಯಾಹ್ನ ಚರ್ಚಿನಲ್ಲಿ ಮೂರು ತಾಸಿನ ಆರಾಧನೆ. ಯೇಸುಸ್ವಾಮಿ ಶಿಲುಬೆಯ ಮೇಲೆ ಆಡಿದ ಏಳು ಮಾತುಗಳಿಗೆ ಸಭಾಪಾಲಕರ ಏಳು ಪ್ರಸಂಗ, ಅಂದರೆ ಉಪದೇಶ. ಒಂದು ವರ್ಷ ಮುಂಜಾಗ್ರತೆಯೆಂದು ನಾನು ಫ್ರಾಕಿನ ಕಿಸೆಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡು ಹೋಗಿದ್ದೆ. ಏಪ್ರಿಲ್ ತಿಂಗಳ ಸೆಕೆ ನೋಡಿ, ನಾಲ್ಕನೇ ಮಾತಿಗೆ ಬರುವಷ್ಟರಲ್ಲಿ ಬೆಲ್ಲ ಕರಗಿ ಕಿಸೆಗೆ ಅಂಟಿಕೊಂಡಿತು. ಆರನೆಯದಕ್ಕೆ ಕಿಟಕಿಯಿಂದ ಹೊರಟ ಇರುವೆಗಳು ಸಾಲುಗಟ್ಟಿ ನನ್ನ ಬೆಂಚನ್ನೇ ಹುಡುಕಿಕೊಂಡು ಬಂದವು. ಎಲ್ಲರೂ ಮೊಣಕಾಲೂರಿ ಕಣ್ಣುಮುಚ್ಚಿದ್ದಾಗ ನಾನೊಬ್ಬಳೇ ನಿಂತು ಫ್ರಾಕು ಝಾಡಿಸುತ್ತಿದ್ದೆ. ಉಪವಾಸದಲ್ಲಿ ನನ್ನ ಪ್ರಗತಿ ಅಂದಿನಿಂದ ಇಂದಿನವರೆಗೆ ಅಷ್ಟಕ್ಕಷ್ಟೇ.

ಅಂಥವಳು ಬ್ಯಾಡಗಿಗೆ ಬಂದ ಮೊದಲ ಶುಕ್ರವಾರ ಬೆಳಿಗ್ಗೆ ಏನು ನೋಡಿದೆ? ಅತ್ತೆ ತಲೆಗೆ ಸ್ನಾನ ಮಾಡಿ, ಕೂದಲು ಆರಿಸಿ, ಅಂಗೈತುಂಬ ಕೊಬ್ಬರಿ ಎಣ್ಣೆ ಸುರಿದುಕೊಂಡು ನೆತ್ತಿಗೆ ಬಡಿದುಕೊಳ್ಳುತ್ತಿದ್ದಾರೆ. ಆಮೇಲೆ ಬಿಗಿಯಾದ ತುರುಬು, ತುರುಬಿಗೆ ಒಂದು ಮೊಳ ಮಲ್ಲಿಗೆ, ಮೈಮೇಲೆ ಮಡಿಕೆ ಮುರಿಯದ ಇಳಕಲ್ ಸೀರೆ. ಯಾವುದೋ ಮದುವೆಗೆ ಹೊರಟಿದ್ದಾರೆಂದು ನಾನೂ ರೇಷ್ಮೆ ಸೀರೆ ಉಟ್ಟು ತಯಾರಾಗಿ ನಿಂತೆ.

"ನೀ ಎಲ್ಲಿಗೆ ಹೊಂಟೀಯವಾ?" ಎಂದರು ಅತ್ತೆ.

"ನೀವು ಹೊಂಟಲ್ಲಿಗೇ."

"ನಾ ಎಲ್ಲಿಗೂ ಹೊಂಟಿಲ್ಲ. ಇವತ್ತ ನನ್ನ ಉಪಾಸ. ಯಾರ ಮುಂದೂ ಬಾಯಿ ಬಿಡಬ್ಯಾಡ ಮತ್ತ."

ಉಪವಾಸ ಮಾಡುವಾಗ ಮೋರೆ ಬಾಡಿಸಿಕೊಂಡು ಊರಿಗೆಲ್ಲ ತೋರಿಸಬೇಡಿ, ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿಕೊಳ್ಳಿ, ಅದು ನಿಮಗೂ ತಂದೆಯಾದ ದೇವರಿಗೂ ಮಾತ್ರ ಗೊತ್ತಿರಲಿ ಎಂದು ಯೇಸುಸ್ವಾಮಿ ಹೇಳಿದ್ದಾರಲ್ಲ. ಎಷ್ಟೋ ಜನ ಅದನ್ನು ಕೇಳಿ ತಲೆದೂಗುತ್ತಾರೆ. ನಮ್ಮ ಅತ್ತೆ ಎಣ್ಣೆ ಬಾಟಲಿಯನ್ನೇ ತಂದರು. ಹೂವು, ಇಳಕಲ್ ಸೀರೆ ಅವರದೇ ಸೇರ್ಪಡೆ. ಗುಟ್ಟು ಇನ್ನಷ್ಟು ಗಟ್ಟಿಯಾಗಲೆಂದು.

ಆದರೆ ಆದದ್ದೇನು? ಉಳಿದ ದಿನಗಳಲ್ಲಿ ಅತ್ತೆ ಮಾಸಿದ ಸೀರೆ ಉಟ್ಟು, ಕೂದಲು ಹೇಗೋ ಕಟ್ಟಿಕೊಂಡು ಓಡಾಡುವವರು. ಹೀಗಾಗಿ ಅವರ ತಲೆಯಲ್ಲಿ ಎಣ್ಣೆ ಮಿರಿಮಿರಿ ಮಿಂಚಿತೆಂದರೆ ಇಡೀ ಓಣಿಗೆ ತಿಳಿಯುತ್ತಿತ್ತು. ಎದುರು ಮನೆಯ ನೀಲವ್ವ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂಗುತ್ತಿದ್ದಳು:

"ಶಾಂತಕ್ಕಾ, ಇವತ್ತ ಉಪಾಸ ಹೌದಲ್ಲ? ಮಲ್ಲಿಗಿ ಘಮ್ ಅನ್ನಾಕತ್ತೈತಿ!"

ಅತ್ತೆ ಗಾಬರಿಯಾಗಿ ನನ್ನ ಮುಖ ನೋಡುವರು. "ಯಾರ ಹೇಳಿದ್ರು ನಿನಗ?"

"ಯಾರ ಯಾಕ ಹೇಳಬೇಕು? ನಿಮ್ಮ ತಲಿನ ಹೇಳಾಕತ್ತೈತಿ."

ಇದಕ್ಕೆ ಅತ್ತೆ ಒಂದು ಉಪಾಯ ಕಂಡುಹಿಡಿದರು. ದಿನಾಲೂ ಎಣ್ಣೆ ಹಚ್ಚಿ ಹೂ ಮುಡಿದರೆ ಉಪವಾಸದ ದಿನ ಯಾವುದೆಂದು ಯಾರಿಗೆ ತಿಳಿಯುತ್ತದೆ? ಒಂದು ವಾರ ಹಾಗೇ ಮಾಡಿದರು. ವಾರ ಮುಗಿಯುವುದರೊಳಗೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನನ್ನನ್ನು ಹಿತ್ತಲಿಗೆ ಕರೆದು, "ಏನವಾ, ನಿಮ್ಮತ್ತಿ ದಿನಾ ಉಪಾಸ ಹಿಡದಾಳಂತ? ಜೀವಕ್ಕ ಏನರ ಆದೀತು. ಮನ್ಯಾಗ ಏನ ಕಷ್ಟ ಬಂದೈತಿ?" ಎಂದು ಕಣ್ಣೀರು ತಂದುಕೊಂಡರು. ಅತ್ತೆ ಮತ್ತೆ ಶುಕ್ರವಾರಕ್ಕೇ ಮರಳಿದರು.

ನೀಲವ್ವನದೂ ಸೋಮವಾರದ ಉಪವಾಸ ಇತ್ತು. ಅವಳ ಉಪವಾಸ ನನಗೆ ಬಹಳ ಸೇರುತ್ತಿತ್ತು. ಸಾಬೂದಾಣಿ ಖಿಚಡಿ, ಶೇಂಗಾ ಉಂಡಿ, ಬಾಳೆಹಣ್ಣು, ಮೇಲೆ ಒಂದು ಲೋಟ ಹಾಲು. ಅಷ್ಟನ್ನು ನಾನು ಉಪವಾಸವಿಲ್ಲದ ದಿನವೂ ತಿನ್ನುವುದಿಲ್ಲ. ನಮ್ಮದರಲ್ಲಿ ಏನೇನು ನಡೆಯುತ್ತದೆ ಎಂದು ಅವಳಿಗೆ ಕುತೂಹಲ.

"ನಿಮ್ಮ ಉಪಾಸಕ್ಕ ಸಾಬೂದಾಣಿ ನಡೀತೈತೇನ ಶಾಂತಕ್ಕಾ?"

"ಇಲ್ಲವಾ."

"ಶೇಂಗಾ?"

"ಇಲ್ಲ."

"ಹೋಗ್ಲಿ, ಬಾಳಿಹಣ್ಣ? ಚಾ?"

"ಏನೂ ಇಲ್ಲ. ನೀರಷ್ಟ. ಸಂಜಿಗೆ ಉಣ್ಣೂದು."

ನೀಲವ್ವ ಗಲ್ಲಕ್ಕೆ ಕೈ ಹಚ್ಚಿದಳು. "ಅಯ್ ಶಿವನ! ಅದಕ್ಕ ಉಪಾಸ ಅಂತಾರೇನು? ಅದಕ್ಕ ಉಪಾಸ ಬೀಳೂದು ಅಂತಾರ!"

ಅತ್ತೆ ನಕ್ಕರು. ಒಂದು ಮಾತು ಹೇಳಬೇಕು. ಅತ್ತೆಯ ಉಪವಾಸದಂದು ನಮ್ಮ ಒಲೆ ಆರುತ್ತಿರಲಿಲ್ಲ. ಎಂದಿನಂತೆ ರೊಟ್ಟಿ ಬಡಿಯುವರು, ಎಂದಿನಂತೆ ಪಲ್ಯ. ತಮ್ಮ ಪಾಲಿನ ಎರಡು ರೊಟ್ಟಿಯನ್ನು ಅರಿವೆಯಲ್ಲಿ ಕಟ್ಟಿಕೊಂಡು ಮಧ್ಯಾಹ್ನ ಮೆಣಸಿನಕಾಯಿ ಮಾರುಕಟ್ಟೆಯ ಕಡೆ ಹೋಗುವರು. ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ವ್ರತದ ಕಾಲವೂ ನಮ್ಮೂರಿನ ಮೆಣಸಿನಕಾಯಿ ಸುಗ್ಗಿಯೂ ಯಾವಾಗಲೂ ಜೊತೆಗೇ ಬರುತ್ತವೆ. ಊರಿಗೆ ಊರೇ ಕೆಂಪು, ಊರಿಗೆ ಊರೇ ಸೀನು. ಚರ್ಚಿನಲ್ಲಿ ಸಭಾಪಾಲಕರು "ಪ್ರಾರ್ಥಿಸೋಣ" ಎಂದರೆ ನಾಲ್ಕು ಮೂಲೆಯಿಂದ ಸೀನಿನ ಉತ್ತರ. ಆ ಘಾಟಿನಲ್ಲಿ ಮುಖಕ್ಕೆ ಅರಿವೆ ಕಟ್ಟಿಕೊಂಡು ದಿನವಿಡೀ ಕಾಯಿಯ ತೊಟ್ಟು ಮುರಿಯುವ ಹೆಂಗಸರ ನಡುವೆ ಅತ್ತೆ ಹೋಗಿ ಕೂತು, ಯಾರ ಬುತ್ತಿ ಸಣ್ಣದಿದೆ ಎಂದು ನೋಡಿ ಅವರ ಮುಂದೆ ರೊಟ್ಟಿ ಬಿಚ್ಚುವರು. "ನನಗ ಇವತ್ತ ಹೊಟ್ಟಿ ಸುಮಾರೈತಿ, ನೀ ಉಣ್ಣವಾ, ಕೆಡತಾವ" ಎನ್ನುವರು. ಹೊಟ್ಟೆ ಹಸಿದು ಚುರುಗುಟ್ಟುತ್ತಿರುವಾಗ ಬಿಸಿ ರೊಟ್ಟಿಯನ್ನು ಇನ್ನೊಬ್ಬರ ಕೈಗಿತ್ತು ಅವರು ಉಣ್ಣುವುದನ್ನು ನೋಡುತ್ತ ಕೂರುವುದು ನನ್ನಿಂದಂತೂ ಆಗದ ಕೆಲಸ. ಒಮ್ಮೆ ಅವರ ಜೊತೆ ಹೋಗಿದ್ದೆ. ನನ್ನ ಕಣ್ಣಲ್ಲಿ ನೀರು ಬಂತು. ಭಕ್ತಿಯಿಂದಲ್ಲ, ಅರ್ಧ ಮೆಣಸಿನಕಾಯಿಯಿಂದ, ಅರ್ಧ ಆ ರೊಟ್ಟಿಯೊಳಗಿನ ಬದನೆಕಾಯಿ ಪಲ್ಯದ ವಾಸನೆಯಿಂದ.

ಇಷ್ಟೆಲ್ಲ ಯಾತಕ್ಕೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಉತ್ತರ ಒಂದೇ ಹೆಸರು: ದೇವು.

ದೇವಪುತ್ರಪ್ಪ ಎಂದು ಪೂರ್ತಿ ಹೆಸರು. ಅತ್ತೆಯ ಒಬ್ಬನೇ ತಮ್ಮ, ನನ್ನ ಗಂಡನಿಗೆ ಸೋದರಮಾವ, ರಾಣೇಬೆನ್ನೂರಿನಲ್ಲಿ ಮನೆ, ಲಾರಿ ಓಡಿಸುವ ಕೆಲಸ. ಅವರಿಬ್ಬರ ತಾಯಿ, ಅಂದರೆ ನನ್ನ ಗಂಡನ ಅಜ್ಜಿ, ಕೊನೆಯ ದಿನಗಳಲ್ಲಿ ಮಗಳ ಕೈ ಊಟ ಬೇಕೆಂದು ನಮ್ಮಲ್ಲೇ ಇದ್ದಳು. ನಾನು ಮದುವೆಯಾಗಿ ಬರುವುದಕ್ಕೆ ಸ್ವಲ್ಪ ಮುಂಚೆ, ಕಡುಬೇಸಿಗೆಯಲ್ಲಿ, ಇಲ್ಲೇ ತೀರಿಕೊಂಡಳು. ದೇವು ಮಾವ ಆಗ ಲಾರಿ ತುಂಬಿಕೊಂಡು ಗುಜರಾತಿನತ್ತ ಹೋಗಿದ್ದರು. ಈಗಿನಂತೆ ಕೈಗೊಂದು ಫೋನು ಇದ್ದ ಕಾಲವಲ್ಲ. ನಮ್ಮ ಮನೆಯವರು ಲಾರಿ ಮಾಲಕರಿಗೆ ಫೋನು ಮಾಡಿದರು, ದಾರಿಯ ಡಾಬಾಗಳಿಗೆ ಹೇಳಿ ಕಳಿಸಿದರು. ಸುದ್ದಿ ಮುಟ್ಟಲಿಲ್ಲ. ಅತ್ತೆ ಕಾಯುವಷ್ಟು ಕಾದರು. ಚರ್ಚಿನ ಹಿರಿಯರು "ಇನ್ನ ಇಡಾಕ ಬರಂಗಿಲ್ಲ ಶಾಂತವ್ವ, ಈ ಬಿಸಲಾಗ" ಎಂದಮೇಲೆ ಮಣ್ಣು ಮಾಡಿದರು. ಮಾವ ಬಂದಾಗ ಸಮಾಧಿಯ ಮಣ್ಣು ಆಗಲೇ ಒಣಗಿತ್ತು.

ಲಾರಿಯ ಧೂಳಿನಲ್ಲೇ ಹೊಸ್ತಿಲ ಹೊರಗೆ ನಿಂತು ಅವರು ಹೇಳಿದ್ದು ಇಷ್ಟೇ ಅಂತೆ: "ನನ್ನ ಅವ್ವನ ಮುಖ ನನಗ ನೋಡಗೊಡಲಿಲ್ಲ ನೀನು. ಇನ್ನ ಈ ಮನ್ಯಾಗ ನಾ ಹನಿ ನೀರ ಸುದ್ದಾ ಮುಟ್ಟಂಗಿಲ್ಲ. ಅವ್ವನ ಆಣಿ."

ಅಂದು ಹೋದವರು ತಿರುಗಿ ಬರಲಿಲ್ಲ. ನಮ್ಮ ಮದುವೆಗೂ ಬರಲಿಲ್ಲ. ಅತ್ತೆ ರಾಣೇಬೆನ್ನೂರಿಗೆ ಹೋಗಿ ಅವರ ಮನೆಯ ಕಟ್ಟೆಯ ಮೇಲೆ ಕೂತು ಬಂದರು. ಮಾವ ಹಿತ್ತಲ ಬಾಗಿಲಿನಿಂದ ಎದ್ದು ಹೋದರು. ಹೆಂಡತಿ ಮಕ್ಕಳು ಮಾತಾಡಿಸಿದರು, ಚಹಾ ಕೊಟ್ಟರು, ಅತ್ತರು. ಮಾವ ಮಾತ್ರ ಕಲ್ಲು. ಮಾವ ಆಣೆ ಇಟ್ಟು ಹೋದ ವಾರದಿಂದಲೇ ಅತ್ತೆಯ ಶುಕ್ರವಾರಗಳು ಶುರುವಾಗಿದ್ದವು. ದೇವರಲ್ಲಿ ಅವರು ಬೇಡುತ್ತಿದ್ದುದು ಒಂದೇ: ದೇವು ನನ್ನ ಮನೆಯಲ್ಲಿ ಒಂದು ತುತ್ತು ಉಣ್ಣಲಿ.

ನನಗೆ ಆಗ ಬಿಸಿರಕ್ತ, ಬಾಯಿ ಬೇರೆ ಜೋರು. "ಅತ್ತಿ, ತಪ್ಪ ಅವರದು. ನೀವು ಹೊಟ್ಟಿ ಯಾಕ ಸುಟಗೋತೀರಿ? ಉಪಾಸಾ ಮಾಡಿದ್ರ ದೇವರು ಅವರ ಕಿವಿ ಹಿಡದು ಎಳಕೊಂಡು ಬರತಾನೇನು?" ಎಂದುಬಿಟ್ಟೆ.

ಅತ್ತೆಗೆ ಸಿಟ್ಟು ಬರಲಿಲ್ಲ. ಸೊಪ್ಪು ಸೋಸುತ್ತಿದ್ದವರು ಕೈ ನಿಲ್ಲಿಸದೆ ಹೇಳಿದರು:

"ದೇವರ ಮುಂದ ಹಟ ಹಿಡ್ಯಾಕಲ್ಲವಾ ಉಪಾಸ. ನನ್ನ ಸಲುವಾಗಿನ ಅದು. ಹೊಟ್ಟಿ ತುಂಬಿದಾಗ ನಂದ ಖರೇ ಅನಸತೈತಿ. ನಾ ಏನ ಮಾಡ್ಲಿ, ಕಾದೆ, ಹಿರಿಯರು ಹೇಳಿದ್ರು, ಇಂವಗೇನ ತಿಳೀತೈತಿ ಅಂತ ಸಿಟ್ಟ ಬರತೈತಿ. ಮಧ್ಯಾಹ್ನ ಹಸದು ಕುಂತಾಗ ಅವಂದೂ ಖರೇ ಅನಸತೈತಿ. ತಾಯಿ ಮುಖ ನೋಡಲಾರದ ಉಳದವಂದು ಎಂಥಾ ಹಸಿವು ಇದ್ದೀತು? ಅದರ ಮುಂದ ನಂದೇನದು, ಸಂಜಿಗೆ ಉಂಡ್ರ ಹೋಗೂ ಹಸಿವು."

ಉಪವಾಸದ ಬಗ್ಗೆ ನಾನು ಎಷ್ಟೋ ಪ್ರಸಂಗ ಕೇಳಿದ್ದೇನೆ. ದೇಹವನ್ನು ಗೆಲ್ಲುವುದು, ಪಾಪಕ್ಕೆ ಮರುಗುವುದು, ಪ್ರಾರ್ಥನೆಗೆ ಬಲ ಕೊಡುವುದು. ಎಲ್ಲವೂ ಸರಿಯೇ. ಆದರೆ ಎದುರಿನವನ ಮಾತು ನಿಜವಿರಬಹುದೆಂದು ಅನ್ನಿಸುವವರೆಗೆ ಹಸಿದಿರುವುದು ಎಂದು ಯಾವ ಸಭಾಪಾಲಕರೂ ಹೇಳಿದ್ದನ್ನು ನಾನು ಕೇಳಿಲ್ಲ. ಅಂದಿನಿಂದ ನಾನು ಅತ್ತೆಯನ್ನು ನೋಡುವ ರೀತಿಯೇ ಬೇರೆಯಾಯಿತು. ನಾನೂ ಅವರ ಜೊತೆ ಶುಕ್ರವಾರ ಶುರುಮಾಡಿದೆ. ಎಣ್ಣೆ ಹಚ್ಚುವುದು ಚೆನ್ನಾಗಿಯೇ ಬಂತು. ಅದರಾಚೆಯದು ಹತ್ತೂವರೆಗೆ ತಲೆನೋವು, ಹನ್ನೆರಡಕ್ಕೆ ಕಣ್ಣುಕತ್ತಲೆ, ಒಂದಕ್ಕೆ ಕೈ ತಾನಾಗಿ ಚುರುಮುರಿ ಡಬ್ಬಿಯ ಮುಚ್ಚಳಕ್ಕೆ. ಅತ್ತೆ ನೋಡಿಯೂ ನೋಡದವರಂತೆ, "ಸಣ್ಣಾಕಿ ಇನ್ನ, ತಿನ್ನಲಿ" ಎಂದು ಗೋಡೆಗೆ ಹೇಳುವರು. ಹಾಗಾಗಿ ಹಸಿವು ಮತ್ತು ಎಣ್ಣೆಯ ವಾಸನೆ ನನ್ನ ಹೊಟ್ಟೆಯಲ್ಲಿ ಗಂಟು ಬಿದ್ದು ಕೂತಿವೆ.

ಶುಕ್ರವಾರಗಳಲ್ಲೆಲ್ಲ ದೊಡ್ಡದು ಶುಭ ಶುಕ್ರವಾರ. ಅಂದು ಮಾತ್ರ ಅತ್ತೆಯ ನಿಯಮ ಬೇರೆ. ಒಲೆ ಹಚ್ಚುವುದಿಲ್ಲ. ಮಧ್ಯಾಹ್ನದ ಆರಾಧನೆ ಮುಗಿಯುವವರೆಗೆ ಹನಿ ನೀರೂ ಇಲ್ಲ. ಒಂದು ವರ್ಷ ಮೈಸುಡುವ ಜ್ವರದಲ್ಲೂ ಗುಳಿಗೆಯನ್ನು ಸೆರಗಿಗೆ ಕಟ್ಟಿಕೊಂಡು ಚರ್ಚಿಗೆ ಬಂದು, ಮುಗಿದಮೇಲೇ ನುಂಗಿದರು. ಅಂದು ಎಣ್ಣೆ, ಹೂವು ಕೂಡ ಇಲ್ಲ. ಬಿಳಿ ಸೀರೆ. "ಇವತ್ತಿನ ದಿನ ಮುಚ್ಚಿಡೂದಲ್ಲ, ಇದು ಎಲ್ಲಾರ ದುಃಖ" ಎನ್ನುವರು.

ಹೀಗೇ ಎಷ್ಟೋ ವರ್ಷ ಕಳೆದಮೇಲಿನ ಒಂದು ಶುಭ ಶುಕ್ರವಾರವೂ ಅತ್ತೆ ಬಿಳಿ ಸೀರೆ ಉಟ್ಟು ಚರ್ಚಿಗೆ ಹೊರಡಲು ಇನ್ನೂ ಹೊತ್ತಿದೆಯೆಂದು ಪಡಸಾಲೆಯಲ್ಲಿ ಕೂತಿದ್ದರು. ಬಿಸಿಲು ಏರಿತ್ತು. ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ದೇವು ಮಾವ. ನಾನು ಅವರನ್ನು ನೋಡಿದ್ದು ಫೋಟೋದಲ್ಲಿ ಮಾತ್ರ. ಫೋಟೋದಲ್ಲಿದ್ದ ಕರಿಮೀಸೆ ಪೂರಾ ಬೆಳ್ಳಗಾಗಿತ್ತು.

ಅತ್ತೆ ಎದ್ದು ನಿಂತರು. ಮಾವನೇ ಒಳಗೆ ಬಂದು, ಗೋಡೆಗಾತು ಹಾಸಿದ ಚಾಪೆಯ ಅಂಚಿನಲ್ಲಿ ಕೂತರು. ಕೈಯಲ್ಲಿ ಮಗಳ ಮದುವೆಯ ಕಾರ್ಡು. ಈಸ್ಟರ್ ಕಳೆದಮೇಲೆ ಮದುವೆ. ಹೆಣ್ಣಿನ ಸೋದರತ್ತೆಯನ್ನು ತಂದೆಯೇ ಹೋಗಿ ಕರೆಯದೆ ಇನ್ನೊಬ್ಬರಿಗೆ ಕಾರ್ಡು ಕೊಡುವಂತಿಲ್ಲ ಎಂದು ಅವರ ಹೆಂಡತಿ ಪಟ್ಟು ಹಿಡಿದಿದ್ದಳಂತೆ.

"ಬಾ ಅಕ್ಕ ಮದುವಿಗೆ. ಎಲ್ಲಾರೂ ಬರ್ರಿ" ಎಂದರು ಮಾವ, ಕಾರ್ಡನ್ನು ಚಾಪೆಯ ಮೇಲಿಟ್ಟು. ನಾನು ಅಭ್ಯಾಸಬಲದಿಂದ ನೀರಿನ ಚೊಂಬಿಗೆ ಕೈ ಹಾಕಿದೆ. ಅವರು ತಟ್ಟನೆ ಕೈ ಅಡ್ಡ ಹಿಡಿದರು. "ಏನೂ ಬ್ಯಾಡವಾ. ಇವತ್ತ ಶುಭ ಶುಕ್ರವಾರ. ನನಗೂ ಉಪಾಸ, ನಿಮಗೂ ಉಪಾಸ."

ಆಗ ನನಗೆ ಹೊಳೆಯಿತು. ಎಲ್ಲ ಬಿಟ್ಟು ಇವತ್ತೇ ಯಾಕೆ ಬಂದರು ಇವರು? ಕ್ರೈಸ್ತರ ಮನೆಯಲ್ಲಿ ಬಂದವರಿಗೆ ಉಣ್ಣು ಎನ್ನದ ದಿನ ವರ್ಷಕ್ಕೆ ಇದೊಂದೇ. ಕರೆಯುವ ಕರ್ತವ್ಯವೂ ತೀರಬೇಕು, ಆಣೆಯೂ ಉಳಿಯಬೇಕು. ಎಂಥ ಲೆಕ್ಕ! ಸಿಟ್ಟಿಗೆ ಚೊಂಬನ್ನು ಕುಕ್ಕಿ ಇಟ್ಟೆ. ಅತ್ತೆಯ ಮುಖ ನೋಡಿದೆ. ಅವರಿಗೂ ತಿಳಿದಿತ್ತು. ಕಾರ್ಡನ್ನು ಕಣ್ಣಿಗೊತ್ತಿಕೊಂಡು, "ಕುಂದರು ದೇವು, ಬಂದೆ" ಎಂದು ಒಳಗೆ ಹೋದರು.

ಚರ್ಚಿಗೆ ಹೋಗಲು ಚಾದರ ಹೊದ್ದು ಬರುತ್ತಾರೆಂದು ನಾವು ಕೂತಿದ್ದೆವು. ಒಳಗಿನಿಂದ ಹೊಗೆಯ ವಾಸನೆ ಬಂತು. ಆಮೇಲೆ ಟಪ್ ಟಪ್ ಟಪ್. ಜೋಳದ ರೊಟ್ಟಿ ಬಡಿಯುವ ಸಪ್ಪಳ. ಶುಭ ಶುಕ್ರವಾರದಂದು ನಮ್ಮ ಮನೆಯಿಂದ ರೊಟ್ಟಿಯ ಸಪ್ಪಳ! ಎದುರು ಕಟ್ಟೆಯಿಂದ ನೀಲವ್ವ ಕೂಡ ಇಣುಕಿದಳು. ನಾನು ಓಡಿದೆ.

"ಅತ್ತೀ, ಇವತ್ತ ಯಾವ ದಿನ..."

"ಗೊತ್ತೈತಿ. ಮೊಸರ ತಗಿ. ರಂಜಕದ ಭರಣಿ ಕೆಳಗ ಇಳಸು."

ಎರಡು ತಾಟು ಹಚ್ಚಿದರು. ಒಂದನ್ನು ತಮ್ಮನ ಮುಂದಿಟ್ಟರು. ಇನ್ನೊಂದನ್ನು ಹಿಡಿದು ಅವರೆದುರು ತಾವೇ ಕೂತರು. ಮಾವ ಗಾಬರಿಯಾದರು. "ಅಕ್ಕಾ, ಏನ ಮಾಡಾಕತ್ತಿ? ಇವತ್ತ ಒಲಿ ಹಚ್ಚತಾರೇನು?"

ಅತ್ತೆ ಕಣ್ಣುಮುಚ್ಚಿ ಒಂದು ಗಳಿಗೆ ಪ್ರಾರ್ಥಿಸಿದರು. ರೊಟ್ಟಿ ಮುರಿದರು, ಮೊಸರಿನಲ್ಲಿ ಅದ್ದಿದರು, ಬಾಯಿಗಿಟ್ಟು ನಿಧಾನವಾಗಿ ಅಗಿದು ನುಂಗಿದರು. ಜ್ವರದಲ್ಲೂ ಹನಿ ನೀರು ಕುಡಿಯದ ಹೆಂಗಸು.

"ದೇವು," ಎಂದರು ಅತ್ತೆ, "ಇವತ್ತ ಏನೂ ಮುಟ್ಟಂಗಿಲ್ಲ ಅಂತ ನಾನೂ ಸ್ವಾಮಿಗೆ ಮಾತ ಕೊಟ್ಟಿದ್ದೆ. ನೀ ಉಣ್ಣಲಿ ಅಂತ ಇಷ್ಟ ವರ್ಷ ಉಪಾಸ ಮಾಡೇನಿ. ನೀನ ಬಂದು ಮುಂದ ಕುಂತಮ್ಯಾಲ ಇನ್ಯಾರ ಸಲುವಾಗಿ ಉಪಾಸ ಇರ್ಲಿ? ಸ್ವಾಮಿಗೆ ನಾ ಉತ್ತರಾ ಕೊಟಗೋತೀನಿ. ನಾ ನಂದ ಮುರದೇನಿ. ನೀ ನಿಂದ ಮುರಿ."

ಮಾವ ತಾಟನ್ನೇ ನೋಡುತ್ತ ಕೂತರು. ರೊಟ್ಟಿಯ ಹಬೆ ಆರತೊಡಗಿತು. ಕಡೆಗೆ ಕೈ ಚಾಚಿ ಒಂದು ತುಂಡು ಮುರಿದರು. ಬಾಯಿಗೆ ಒಯ್ಯಲಿಲ್ಲ. ಕೈಯಲ್ಲೇ ಹಿಡಿದುಕೊಂಡು, ಇಷ್ಟು ವರ್ಷ ಕೇಳದೆ ಉಳಿದಿದ್ದನ್ನು ಕೇಳಿದರು.

"ಅಕ್ಕಾ, ಅವ್ವ ಕಡೇ ದಿನಾ ಏನರ ಉಂಡಿದ್ಲೇನು?"

"ಹಾಲಾಗ ರೊಟ್ಟಿ ಕಿವುಚಿ ಕೊಟ್ಟಿದ್ದೆ. ಒಂದೆರಡ ತುತ್ತ ತಗೊಂಡ್ಲು. ಆಮ್ಯಾಲ ನನ್ನ ಕೈ ಹಿಡಕೊಂಡು, ದೇವು ಉಂಡಾನೇನ ಅಂತ ಕೇಳಿದ್ಲು."

"ನೀ ಏನಂದಿ?"

"ಉಂಡಾನವ್ವ, ನನ್ನ ಮನ್ಯಾಗ ಕುಂತು ಉಂಡಾನ ಅಂದೆ."

ಮಾವ ಆ ತುಂಡನ್ನು ಬಾಯಿಗಿಟ್ಟುಕೊಂಡರು. ಅಳುತ್ತಲೇ ಉಂಡರು. ರೊಟ್ಟಿ ಪೂರ್ತಿ ಮುಗಿಸಿ, ಮುಖ ಮೇಲೆತ್ತದೆ, ತಾಟನ್ನು ಅಕ್ಕನ ಕಡೆ ಸರಿಸಿದರು.

"ಇನ್ನೊಂದ ಹಾಕು."